ಕಾಲೊತ್ತು

ಬಂದ ಸಂಜೆ, ಕಂಬದ ಮೇಲೆ ನಿಂತ ಮನೆಯ ಏಣಿಬುಡದಲ್ಲಿ
ನೀರಿನ ಬಾನಿ, ಅದರ ಪಕ್ಕ ಒಂದು ಚಪ್ಪಡಿ.
ಯೇಯ್ ಮೊಮ್ ತೆಂಗಿನ ಚಿಪ್ಪಿನಲ್ಲಿ ಮೊಗೆದು
ನನ್ನ ಕಾಲಿಗೆ ನೀರು ಹೊಯ್ದಳು.
ಕಾಂಬೋಡಿಯದ ಕೆಂಪು ಧೂಳಿಳಿದು ಕಲ್ಲಿಗೆ ಬಣ್ಣ ಬಂತು.
ಯೇಯ್ ಅಂದರೆ ಅಜ್ಜಿ. ಆ ದಿನಕ್ಕೆ ಅಷ್ಟು ಭಾಷೆ ಸಾಕಾಯಿತು.

ಎಷ್ಟು ದಿನ ಇರುತ್ತೀರಿ, ಅಂದಳು ಮೊಮ್ಮಗಳು ತೇವಿ.
ನಮ್ಮ ದೇವಿಯೇ; ಕಡಲು ದಾಟುವಾಗ
ದಕಾರವನ್ನು ಸುಂಕ ಕಟ್ಟಿ ಬಂದವಳು.
ಹದಿನೆಂಟು, ಅಂದೆ. ನಕ್ಕಳು.
ಬರುವವರೆಲ್ಲ ಇರುವುದು ಎರಡು ಗಂಟೆ,
ಅದರಲ್ಲಿ ಅರ್ಧ ಗಂಟೆ ಚಾರ್ಜರ್ ಹುಡುಕಾಟ.

ಮೂವತ್ತೊಂದು ವರ್ಷ ಕರಡು ತಿದ್ದಿದವಳು ನಾನು.
ಕಣ್ಣು ಸಾಲಿನ ಮೇಲೆ ಇರುವೆಯ ಹಾಗೆ ಹೋಗಬೇಕು,
ಅರ್ಥದ ಬೆನ್ನು ಹತ್ತಿದರೆ ತಪ್ಪು ತಪ್ಪಿಸಿಕೊಳ್ಳುತ್ತದೆ.

ಗುಡಿಯೆಂದರೆ ಇಲ್ಲಿ ಹುಲ್ಲಿನ ಮೇಲೆ ಮಲಗಿಸಿದ ಕಲ್ಲುಗಳು,
ಒಂದೊಂದಕ್ಕೂ ಸುಣ್ಣದಲ್ಲಿ ಬರೆದ ಸಂಖ್ಯೆ.
ಈ ಮೊಣಕೈ ಯಾವ ತೋಳಿನದು,
ಈ ಹಂಸದ ಕೊಕ್ಕು ಯಾವ ಕೊರಳಿನದು,
ಹೊಂದಿಸುವುದು ತೇವಿಯ ಕೆಲಸ.
ನಿಂತ ಒಂದೇ ಗೋಡೆಯ ಮೇಲೆ ಏಳು ನರ್ತಕಿಯರು,
ಏಳಕ್ಕೂ ತಲೆಯಿಲ್ಲ. ಕತ್ತಿನ ಗಾಯ ಹಳತಲ್ಲ.
ಎಲ್ಲಿವೆ?
ಯಾರದೋ ನಡುಮನೆಯಲ್ಲಿ, ದೀಪದ ಕೆಳಗೆ, ಅಂದಳು,
ಬೆಲೆ ಕೇಳಿ ಬಂದವಳ ಹಾಗೆ.

ಮಧ್ಯಾಹ್ನ ನೆರಳಲ್ಲಿ ಕೂತು ಮರಳಿನ ಮೇಲೆ ಹೆಸರು ಬರೆದಳು.
ನಾವು ತಲೆಕಟ್ಟು ಅನ್ನುವುದಕ್ಕೆ ಅವರು ಕೂದಲು ಅನ್ನುತ್ತಾರಂತೆ.
ನಾನು ಪಕ್ಕದಲ್ಲಿ 'ಅಮ್ಮ' ಎಂದು ಬರೆದೆ.
ಮಕಾರದ ಒತ್ತಿನ ಮೇಲೆ ಬೆರಳಿಟ್ಟು
ಕಾಲು! ಎಂದು ಕೂಗಿದಳು.
ಅವರಲ್ಲಿ ಒತ್ತಕ್ಷರ ಅಂದರೆ ಅಕ್ಷರದ ಕಾಲು.
ಒತ್ತು ಬಿದ್ದ ಪದ ಕುಂಟುವುದನ್ನು ನಾನು ಎಷ್ಟು ಸಲ ಕಂಡಿಲ್ಲ.

ಹನ್ನೊಂದನೆಯ ದಿನ ಕೈಟ್ರ್ಯಾಕ್ಟರಿನ ಗಾಡಿ, ಆಮೇಲೆ ನಡಿಗೆ.
ದಂಗ್ರೇಕ್ ಬೆಟ್ಟಸಾಲು; ಹೆಗಲ ಮೇಲಿನ ಅಡ್ಡೆ ಎಂದರ್ಥ.
ತಲೆಬುರುಡೆ ಬರೆದ ಕೆಂಪು ಹಲಗೆ ಕಂಡಲ್ಲಿ
ಚಿಕ್ಕಪ್ಪ ಸವೊನ್ ಇಟ್ಟ ಹೆಜ್ಜೆಯಲ್ಲೇ ನನ್ನ ಹೆಜ್ಜೆ.
ನಿಧಾನವನ್ನು ಮಾತಿಗಿಂತ ಮೊದಲು
ಮಕ್ಕಳಿಗೆ ಕಲಿಸಿದ ಕಾಲ ಇತ್ತಂತೆ ಇಲ್ಲಿ.

ಗವಿ. ಬಾವಲಿ ಹಿಕ್ಕೆಯ ಘಾಟು.
ಟಾರ್ಚಿಗೆ ಒಬ್ಬೊಬ್ಬರಾಗಿ ಎದ್ದರು ಗಡ್ಡದ ಋಷಿಗಳು,
ಮಂಡಿ ಮಡಿಸಿ, ಬಂಡೆಗೆ ಬೆನ್ನಂಟಿಸಿ.
ಬೇಡದ ಬೆಟ್ಟವನ್ನೆಲ್ಲ ಹೊಡೆದುಹಾಕಿ
ಯಾರೋ ಉಳಿಸಿಕೊಂಡ ಒಂದು ಪಂಕ್ತಿ.
ಸಂದಿಲ್ಲ, ಸಂಖ್ಯೆಯಿಲ್ಲ;
ಕದಿಯಲು ಬಂದವನು ಅಡ್ಡೆಯನ್ನೇ ಹೊರಬೇಕು.
ಸವೊನ್ ಅವರ ಮುಂದೊಂದು ಸಿಗರೇಟು ಹಚ್ಚಿಟ್ಟ.
ತಾನೂ ಒಂದು ಸೇದಿದ.

ಮಿಕ್ಕ ದಿನವೆಲ್ಲ ಒಂದೇ ಹುಡುಕಾಟ:
೮೬೨ನೆಯ ಕಲ್ಲಿನ ನರ್ತಕಿಗೆ ಕಣಕಾಲಿನಿಂದ ಕೆಳಗಿಲ್ಲ.
ತಾಳೆಗರಿ ಸೀಳಿ ಅಳತೆ ಹಿಡಿದು
ರಾಶಿ ರಾಶಿ ತಿರುವಿದೆವು. ಒಂದು ಚೇಳು ಸಿಕ್ಕಿತು.

ಹೊರಡುವ ಬೆಳಿಗ್ಗೆ ಕಾಲು ತೊಳೆಯುವಾಗ ಸೋಪು ಜಾರಿ
ಚಪ್ಪಡಿಯ ಅಡಿಗೆ ಹೋಯಿತು.
ಕೈ ಹಾಕಿದೆ. ಹಸಿ ಮಣ್ಣು, ಎರೆಹುಳ,
ಆಮೇಲೆ ಗೆಜ್ಜೆಯ ಸಾಲು,
ಆಮೇಲೆ ಬೆರಳು. ಒಂದು, ಎರಡು...
ತಣ್ಣಗೆ, ತಲೆಕೆಳಗಾಗಿ, ನನ್ನ ಕಾಲಿಗೆ ಕಾಲು ಕೊಟ್ಟು.

ತಲೆಯೆತ್ತಿದರೆ ಏಣಿಯ ಮೇಲೆ ತೇವಿ, ಕೈಯಲ್ಲಿ ವಹಿ.
ಹಾಳೆ ತಿರುವಿ ಮೆಲ್ಲಗೆ ಓದಿದಳು:
ಕಲ್ಲು ೧೧೪೭. ಪಾದ, ಒಂದು ಜೊತೆ.
ಸ್ಥಳ, ಅಜ್ಜಿಯ ಏಣಿ.
ಸ್ಥಿತಿ, ಬಳಕೆಯಲ್ಲಿದೆ.

ಮತ್ತೆ ಇಷ್ಟು ದಿನ ಹುಡುಕಿದ್ದು?
ನಿಮಗೆ ಹುಡುಕುವುದು ಇಷ್ಟವಾಗಿತ್ತು, ಅಂದಳು.

ನನ್ನ ಕಸುಬಿನಲ್ಲಿ ಒಂದು ಗುರುತುಂಟು:
ಹೊಡೆದ ಪದದ ಅಡಿಗೆ ಚುಕ್ಕಿಯ ಸಾಲಿಟ್ಟರೆ
ಇದ್ದ ಹಾಗೇ ಇರಲಿ ಎಂದು.

ಯೇಯ್ ಮೊಮ್ ಗದ್ದೆಯಿಂದ ಬಂದಳು.
ಕಲ್ಲಿನ ಮೇಲೆ ನಿಂತು ಚಿಪ್ಪಿನಿಂದ ನೀರು ಹೊಯ್ದುಕೊಂಡು
ಮಂಡಿ ಹಿಡಿದು ಏಣಿ ಹತ್ತಿದಳು.
ಮೆಟ್ಟಿಲಿಗೆ ಐದೈದು
ಒದ್ದೆ ಚುಕ್ಕಿ.